ವಾಸನೆ ಬರುವಂಥದ್ದು

ಉಡುಪಿಯ ಪಾರ್ಸೆಲ್ ಕೌಂಟರಿನ ಸಂಜೀವಣ್ಣ
ಎಲ್ಲರಿಗೂ ಕೇಳುವುದು ಮೂರೇ ಪ್ರಶ್ನೆ:
ಒಡೆಯುವಂಥದ್ದು ಉಂಟಾ? ಸೋರುವಂಥದ್ದು ಉಂಟಾ?
ವಾಸನೆ ಬರುವಂಥದ್ದು ಎಂತಾದರೂ?

ನಾಳೆ ಸಂಜೆಯ ಬಸ್ಸಿನೊಳಗೆ ಉತ್ತರ ಬೇಕು.
ಈಗ ರಾತ್ರಿ. ಮಲ್ಪೆಯ ಮನೆ, ಅಡುಗೆಕೋಣೆಯ ನೆಲ,
ಸಾಬೂನು ಬಂದಿದ್ದ ರಟ್ಟಿನ ಪೆಟ್ಟಿಗೆ.
ಅದರ ಒಂದು ಬದಿಗೆ ನಾನು, ಇನ್ನೊಂದಕ್ಕೆ ಬೆಕ್ಕು.

ಶಮಿತಾ ಬೀದರಿನಲ್ಲಿ ದನದ ಡಾಕ್ಟರಿಕೆ ಓದುತ್ತಾಳೆ,
ನನಗಿಂತ ಹದಿನಾಲ್ಕು ವರ್ಷಕ್ಕೆ ಕಿರಿಯ ತಂಗಿ.
ಕೇಳಿದ್ದು ಶಾಂಪೂ, ಒಂದು ಇಯರ್‌ಫೋನು.
"ತಿನ್ನಲಿಕ್ಕೆ ಎಂತ ಬೇಡ ಅಕ್ಕಾ, ಇಲ್ಲಿ ಎಲ್ಲ ಸಿಗ್ತದೆ."
ಆ ಸುಳ್ಳು ನನ್ನದೇ.
ಹಂಪನಕಟ್ಟೆಯ ಕಾಯಿನ್ ಬೂತಿನಿಂದ ಹೇಳುತ್ತಿದ್ದೆ,
ಒಂದು ರೂಪಾಯಿ ಮುಗಿಯುವುದರೊಳಗೆ.

ಹಾಗಾಗಿ ಶಾಂಪೂ ಅಡಿಗೆ, ಮುಚ್ಚಳಕ್ಕೆ ಟೇಪು.
ಮೇಲೆ ಕುಚ್ಚಲಕ್ಕಿ, ಹುರಿದು ನುಚ್ಚು ಮಾಡಿದ್ದು:
ರೊಟ್ಟಿ ಮುರಿದು ದವಡೆ ಸೋತ ರಾತ್ರಿ
ಯಾರೋ ಅಡಗಿಸಿಟ್ಟ ಕೆಟಲಿನಲ್ಲಿ
ವಾರ್ಡನ್ ಬರುವ ಮೊದಲು ಗಂಜಿಯಾಗಬೇಕಲ್ಲ.
ಹಲಸಿನ ಹಪ್ಪಳ ಹಸಿಯಾಗಿ ಕಳಿಸಿ ಪ್ರಯೋಜನವಿಲ್ಲ,
ಕರಿದು ಕಳಿಸಿದರೆ ಹುಬ್ಬಳ್ಳಿಗೆ ಮುಟ್ಟುವಾಗಲೇ ಹುಡಿ.
ಹುಡಿಯನ್ನೂ ತಿನ್ನುತ್ತಾಳೆ. ಹಾಕಿದೆ.
ಸೂಜಿ, ಕಪ್ಪು ನೂಲು, ಪಿನ್ನು,
ತಿಂಗಳ ಪ್ಯಾಡು, ಪೇಪರ್ ಸುತ್ತದೆ ಹಾಗೆಯೇ.
ಹತ್ತರ ನೋಟು ಇಪ್ಪತ್ತು, ರಬ್ಬರ್ ಹಾಕಿ:
ಫೋನಿನಲ್ಲಿ ಕಳಿಸುವ ದುಡ್ಡಿಗೆ ಲೆಕ್ಕ ಕೊಡುತ್ತಾಳೆ,
ಇದಕ್ಕೆ ಕೊಡಬೇಕಾಗಿಲ್ಲ.

ಸಂದಿಗೆ ತುರುಕುವ ಪೇಪರನ್ನು ಆರಿಸಿ ತುರುಕುತ್ತೇನೆ.
ಬಂದರಿನ ಮೀನಿನ ದರ, ನಮ್ಮ ವಾರ್ಡಿನ ನೀರಿನ ಜಗಳ,
ಅವಳ ಹೈಸ್ಕೂಲು ವಾಲಿಬಾಲಿನಲ್ಲಿ ಪುನಃ ಸೋತದ್ದು.
ತಿಂಡಿಗಿಂತ ಮೊದಲು ಅವಳು
ಮುದ್ದೆಗಳನ್ನು ಬಿಡಿಸಿ ನೆಲಕ್ಕೆ ಹಾಸಿ ಓದುತ್ತಾಳಂತೆ.

ಉಳಿದದ್ದು ಆ ಒಂದು ಬಾಟ್ಲಿ.
ಒಣ ಸಿಗಡಿ ಚಟ್ನಿ. ಕಾಯಿ, ಮೆಣಸು, ಹುಳಿ,
ನೀರು ಒಂದು ಹನಿ ತಾಗಿಸಿಲ್ಲ.
ಮೂರು ಪ್ಲಾಸ್ಟಿಕ್ಕು, ಸುತ್ತ ಟೇಪು,
ಮತ್ತೆ ಅವಳ ಹಳೆಯ ಟವೆಲ್ಲು.

ಮಂಗಳೂರಿನ ಹಾಸ್ಟೆಲು, ನಾನು ಬಿ.ಕಾಂ. ಮೊದಲ ವರ್ಷ.
ಅಪ್ಪ ಬೋಟಿನಿಂದ ಇಳಿದವರು
ಮನೆಗೆ ಹೋಗದೆ ಬಸ್ಸು ಹತ್ತಿ ಬಂದಿದ್ದರು.
ಗೇಟಿನಿಂದ ಒಳಗೆ ಗಂಡಸರಿಗೆ ಇಲ್ಲ.
ಕೈಯಲ್ಲಿ ಬಾಳೆಲೆಯ ಕಟ್ಟು, ಎಣ್ಣೆ ಇಳಿದ ಚೀಲ,
ಬೋಟಿನ ಸ್ಟವ್ವಿನಲ್ಲೇ ಹುರಿದ ಬಂಗುಡೆ.
"ವಣಸ್ ಆಂಡಾ?" ಕೇಳಿದರು.
ಆಯ್ತು, ಎಂದೆ, ಕನ್ನಡದಲ್ಲಿ.
ನನ್ನ ಕ್ಲಾಸಿನ ಮೂವರು ಶಾಲು ಮೂಗಿಗೆ ಹಿಡಿದು ದಾಟಿದರು.
ಅಪ್ಪನ ಬಸ್ಸು ತಿರುವಿನಲ್ಲಿ ಮಾಯವಾಗುವವರೆಗೆ ನಿಂತು
ಕಟ್ಟನ್ನು ವಾಚ್‌ಮನ್‌ಗೆ ಕೊಟ್ಟೆ.
ಅವನು ಸ್ಟೂಲಿನಲ್ಲೇ ಕೂತು ಮುಳ್ಳು ಬಿಡಿಸಿ ತಿಂದ,
ಬೆರಳು ಚೀಪಿ ಕೇಳಿದ: "ಯಾರು ಹುರಿದದ್ದು ಮಾರಾಯ್ತಿ?"

ಕಾಲೇಜು ನಾನು ಬಿಟ್ಟದ್ದು ಬೇರೆ ಕಾರಣಕ್ಕೆ.
ಈಗ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುತ್ತೇನೆ,
ಅಪ್ಪ ಇಲ್ಲ. ಕೇಳಿದ್ದರೆ ಎಂತ ಹೇಳುತ್ತಿದ್ದೆನೋ.

ಗಂಟೆ ಹನ್ನೊಂದು. ಬೆಕ್ಕು ಬಂದು
ಟವೆಲ್ಲಿಗೆ ಮುಖ ಉಜ್ಜುತ್ತದೆ, ಕಣ್ಣು ಮುಚ್ಚಿ.
ಇದಕ್ಕೆ ಗೊತ್ತಾಯಿತೆಂದರೆ
ಬೀದರಿನ ಹಾಸ್ಟೆಲಿಗೆ ಇಡೀ ಗೊತ್ತಾಗುತ್ತದೆ.
ನಾಲ್ಕನೇ ಪ್ಲಾಸ್ಟಿಕ್ಕು ಹುಡುಕಲು ಏಳುತ್ತೇನೆ,
ಕಪಾಟಿನವರೆಗೆ ಹೋಗಿ
ಚಮಚ ತೆಗೆದುಕೊಂಡು ಬರುತ್ತೇನೆ.
ಒಂದಲ್ಲ, ನಾಲ್ಕು.
ಕೇಳುವವರು ಬರುತ್ತಾರೆ, ಕೊಡಲಿ.

ಸಂಜೀವಣ್ಣ, ಬರೆದುಕೊಳ್ಳಿ.
ಒಡೆಯುವಂಥದ್ದು, ಹಪ್ಪಳ, ಅದು ಒಡೆದರೆ ಅಡ್ಡಿಯಿಲ್ಲ.
ಸೋರುವಂಥದ್ದು, ಶಾಂಪೂ, ಬಿಗಿ ಮಾಡಿದ್ದೇನೆ.
ಮೂರನೆಯದು ಉಂಟು. ಉಂಟು ಅಂತಲೇ ಬರೆಯಿರಿ,
ಸ್ವಲ್ಪ ದೊಡ್ಡ ಅಕ್ಷರದಲ್ಲಿ.
ಚಾರ್ಜು ಎಷ್ಟಾಯಿತು?